ಮೂರು ಮೆಟ್ಟಿಲು ಕೆಳಗೆ

“ಇ ಸ್ಕೇಲೇ ಇರ್ಲಿ,” ಎಂದು ವೇಣುಗೋಪಾಲ್ ಎರಡು ವಾರದಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಹಾಡಿನ ಮೇಲಿನ ಸ್ವರಕ್ಕೆ ಹೋಗಿ ಅವನ ಗಂಟಲು ಒಡೆದು ಇನ್ನೂ ಅರ್ಧ ನಿಮಿಷವಾಗಿರಲಿಲ್ಲ.

ಅನೀಸ್ ಅಹಮದ್ ತೊಡೆಯ ಮೇಲಿದ್ದ ಬೇಸ್ ಗಿಟಾರಿನ ತಂತಿಗಳನ್ನು ಅಂಗೈಯಿಂದ ಮುಚ್ಚಿ ಸುಮ್ಮನಾಗಿಸಿದ. “ಶ್ರುತೀನ ಸಿ ಶಾರ್ಪ್‌ಗೆ ಇಳಿಸೋಣ ಕಣೋ. ಮೂರೇ ಮೆಟ್ಟಿಲು. ಹಾಡು ಇನ್ನೂ ಗಂಭೀರವಾಗಿ ಕೇಳುತ್ತೆ.”

“ಗಂಭೀರ ಯಾರಿಗ್ ಬೇಕು? ಇ ಅಂದ್ರೆ ಇ.” ವೇಣು ಎದ್ದು ಚಪ್ಪಲಿ ಮೆಟ್ಟಿದ. “ಭಾನುವಾರ ಬೆಳಿಗ್ಗೆ ಬರ್ತೀನಿ. ಭಾಭಿ, ಬರ್ಲಾ.”

ಅವನು ಗೇಟು ದಾಟಿದ ಮೇಲೆ ಜಹೀರುನ್ನೀಸಾ ಗಂಡನ ಕಡೆ ತಿರುಗಿದಳು. “ಗಂಟ್ಲು ಹೋದ್ರೂ ಗತ್ತು ಹೋಗ್ಲಿಲ್ಲ ನಿಮ್ಮ ದೋಸ್ತಂದು.” ಅನೀಸನಿಗೆ ನಗು ಬರಲಿಲ್ಲ. ಹೊಸಕೋಟೆಯ ಒಂದೇ ಕಾರ್ಖಾನೆಯಲ್ಲಿ ಇಬ್ಬರೂ ಮೂವತ್ತು ವರ್ಷ ದುಡಿದವರು, ಅಲ್ಲಿಯ ಆರ್ಕೆಸ್ಟ್ರಾದಲ್ಲಿ ಅಕ್ಕಪಕ್ಕ ನಿಂತವರು. ಈಗ ಆ ಆರ್ಕೆಸ್ಟ್ರಾದಲ್ಲಿ ಉಳಿದಿರುವುದು ಇವರಿಬ್ಬರೇ. ಅದಕ್ಕೆಂದೇ ಅನೀಸ್ ಈ ಎಂಟು ತಂತಿಯ ಬೇಸ್ ಹುಡುಕಿ ತಂದಿದ್ದ. ನಾಲ್ಕು ದಪ್ಪ ತಂತಿ, ಒಂದೊಂದರ ಮಗ್ಗುಲಲ್ಲೂ ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ನುಡಿಯುವ ಒಂದು ಸಣ್ಣ ತಂತಿ. ಜೋಡಿಯನ್ನು ಒಂದೇ ಬೆರಳಲ್ಲಿ ಒತ್ತಿ ಮೀಟಿದರೆ ಇಬ್ಬರು ನುಡಿಸಿದಂತೆ ತುಂಬಿಕೊಂಡು ಕೇಳುತ್ತಿತ್ತು. ಭಾನುವಾರ ಸಂಜೆ ನಿವೃತ್ತರ ಕೂಟ. ಇನ್ನೂರು ಜನ ಹಳೆಯ ಜೊತೆಗಾರರ ಎದುರು ಗಂಟಲು ಒಡೆದರೆ ವೇಣು ಈ ಜನ್ಮದಲ್ಲಿ ಮತ್ತೆ ಮೈಕು ಮುಟ್ಟುವವನಲ್ಲ.

ಹೇಳಿದರೆ ಕೇಳದವನಿಗೆ ಹೇಳದೆಯೇ ಮಾಡಬೇಕು. ಅನೀಸ್ ಎಲ್ಲ ತಂತಿಗಳನ್ನೂ ಮೂರು ಮೆಟ್ಟಿಲು ಸಡಿಲಿಸಿ ನೋಡಿದ. ಜೋಡಿ ತಂತಿಗಳು ಜೋಲುಬಿದ್ದು ಒಂದಕ್ಕೊಂದು ಬಡಿದುಕೊಂಡವು. ಇಷ್ಟು ಕೆಳಗಿನ ಶ್ರುತಿಗೆ ಇನ್ನೂ ದಪ್ಪ ತಂತಿಯೇ ಬೇಕು. ಮರುದಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ತಂದ. ಹಾಕುವಾಗ ಎಡಗೈ ಬೆರಳುಗಳು ಹೇಳಿದ ಮಾತು ಕೇಳಲಿಲ್ಲ. ಎರಡು ವರ್ಷದಿಂದ ಗೆಣ್ಣುಗಳು ಬಾತುಕೊಂಡಿದ್ದವು. ಆ ಕಾರಣಕ್ಕೇ ಇಷ್ಟು ದಿನ ತೆಳ್ಳನೆಯ ತಂತಿ ಹಾಕಿಕೊಂಡು, ಯಾರಿಗೂ ತಿಳಿದಿಲ್ಲ ಎಂದು ನೆಮ್ಮದಿಯಾಗಿದ್ದ.

“ಈ ಹಗ್ಗ ಒತ್ತೋಕೆ ನಿಮ್ಮ ಕೈಲಾಗುತ್ತಾ?” ಎಂದಳು ಜಹೀರುನ್ನೀಸಾ.

“ಒಂದು ಹಾಡು ತಾನೆ. ನಾನು ಬೆರಳು ಇಡೋದೆಲ್ಲ ಇ ಥರಾನೇ, ಕೇಳ್ಸೋದು ಮಾತ್ರ ಸಿ ಶಾರ್ಪು. ಅವನಿಗೆ ಗೊತ್ತೇ ಆಗಲ್ಲ.”

ನಲವತ್ತು ವರ್ಷ ಹಾಡಿದವನಿಗೆ ಶ್ರುತಿ ಇಳಿದದ್ದು ಗೊತ್ತಾಗುವುದಿಲ್ಲ ಎಂದು ನಂಬಬೇಕಾದರೆ ಅವನ ಮೇಲೆ ತುಂಬ ಪ್ರೀತಿ ಇರಬೇಕು. ಅನೀಸನಿಗೆ ಇತ್ತು.

ಭಾನುವಾರ ಬೆಳಿಗ್ಗೆ ವೇಣು ತನ್ನ ಅಭ್ಯಾಸದಂತೆ ಕಣ್ಣು ಮುಚ್ಚಿ ಹಾಡಿದ. ಮೇಲಿನ ಸ್ವರ ಸಲೀಸಾಗಿ ಬಂತು, ಹಳೆಯ ವೇಣುವಿನದೇ ದನಿ. ಅಡುಗೆಮನೆಯಲ್ಲಿದ್ದ ಜಹೀರುನ್ನೀಸಾ ಒಲೆ ಸಣ್ಣ ಮಾಡಿ ನಿಂತು ಕೇಳಿದಳು. ಹಾಡು ಮುಗಿದಾಗ ಮಾತ್ರ ವೇಣುವಿನ ಮುಖ ಕೆಂಪಾಗಿತ್ತು.

“ಯಾರನ್ನ ಕೇಳಿ ಇಳಿಸ್ದೆ?”

“ನಿನ್ ಗಂಟ್ಲಿಗೋಸ್ಕರ ಕಣೋ.”

“ನನ್ ಗಂಟ್ಲು ಹಾಳಾಗ್ಲಿ. ಇ ಸ್ಕೇಲಲ್ಲಾದ್ರೆ ಮೂರಕ್ಕೆ ಎರಡು ಸಲ ನೀನು ತಂತಿ ಒತ್ತೋದೇ ಬೇಡ, ಬರೀ ಮೀಟಿದ್ರೆ ಸಾಕು. ಸಿ ಶಾರ್ಪಲ್ಲಿ ಪ್ರತಿಯೊಂದಕ್ಕೂ ಬೆರಳು ಊರ್ಬೇಕು. ಇ, ಇ ಅಂತ ಮತ್ತ್ಯಾಕೆ ಬಡ್ಕೊಂಡೆ ನಾನು?” ಅವನ ದನಿ ತಗ್ಗಿತು. “ಟೀ ಲೋಟ ಎರಡೂ ಕೈಲಿ ಹಿಡೀತೀಯ. ನನಗೇನ್ ಕಣ್ಣಿಲ್ವಾ?”

ಅನೀಸ್ ತನ್ನ ಬೆರಳುಗಳನ್ನು ನೋಡಿಕೊಂಡ. ಎರಡು ವಾರದಿಂದ ಇವನ ಗತ್ತನ್ನು ಬೈದುಕೊಂಡಿದ್ದನಲ್ಲ, ಆ ಗತ್ತು ತನ್ನ ಬೆರಳಿಗೋಸ್ಕರವಾಗಿತ್ತು. ಎಡಗೈಯನ್ನು ಮೇಲಕ್ಕೆತ್ತಿ ತೋರಿಸಿ, ಬಲಗೈಯಿಂದ ಸುಮ್ಮನೆ ಮೀಟಿದ. ಸಿ ಶಾರ್ಪ್ ಕೋಣೆ ತುಂಬ ಮೊಳಗಿತು.

“ತಂತೀನೇ ಬದಲಾಯ್ಸಿದ್ದೀನಿ,” ಎಂದ. “ಈಗ್ಲೂ ಮೂರಕ್ಕೆ ಎರಡು ಸಲ ಒತ್ತೋದೇನಿಲ್ಲ.”

ವೇಣು ಬಗ್ಗಿ ನೋಡಿದ. ದಪ್ಪ ತಂತಿಯ ಮೇಲೆ ಬೆರಳಾಡಿಸಿದ.

“ಇಬ್ರಲ್ಲಿ ಒಬ್ರು ಬಾಯಿಬಿಟ್ಟು ಹೇಳಿದ್ರೆ ಎರಡು ವಾರದ ಜಗಳ ಉಳೀತಿತ್ತು,” ಎಂದು ಜಹೀರುನ್ನೀಸಾ ಟೀ ತಂದಿಟ್ಟಳು.

“ಜಗಳ ಇರ್ಲಿ ಬಿಡಿ ಭಾಭಿ.” ವೇಣು ಸ್ನೇಹಿತನ ಪಕ್ಕ ಕೂತ. “ಮುಂದಿನ್ ವರ್ಷ ಇನ್ನೂ ದಪ್ಪದ್ದು ತಗೊಂಬಾರೋ. ಇನ್ನೊಂದು ಮೆಟ್ಟಿಲು ಇಳಿಯೋಣ.”

“ಹಿಂಗೇ ವರ್ಷಾ ವರ್ಷಾ ಇಳೀತಾ ಹೋದ್ರೆ, ಎಲ್ಲಿವರ್ಗೂ ಗುರು?”

“ನಮ್ಮಿಬ್ರಿಗೆ ಮಾತ್ರ ಕೇಳ್ಸೋವರ್ಗೂ.”