ಒಬ್ಬರು ಕಡಿಮೆ

“ಜನವರಿಯಲ್ಲಿ ನಲವತ್ತೊಂದು ಜನ, ಈಗ ನಲವತ್ತು. ಹೋಗಿರೋದು ಒಬ್ರೇ. ಆದ್ರೆ ದುಡ್ಡಿನಲ್ಲಿ ಮೂರನೇ ಒಂದು ಪಾಲೇ ಹೋಗಿದೆಯಲ್ರೀ!” ಶಾಲಾ ಬ್ಯಾಂಡಿನ ಅಧ್ಯಕ್ಷ ತೂರ್ಲೈಫ್ ಲ್ಯಾಪ್‌ಟಾಪನ್ನು ಸಮಿತಿಯವರ ಕಡೆಗೆ ತಿರುಗಿಸಿದ.

ಲಾಟರಿ ಆಡುವವರು ತಮ್ಮೂರಿನ ಯಾವುದಾದರೊಂದು ಸಂಘದ ಹೆಸರು ಬರೆಸಿದರೆ, ಅವರು ಆಡುವ ಪ್ರತಿ ನೂರು ಕ್ರೋನರಿಗೆ ಏಳು ಆ ಸಂಘಕ್ಕೆ ಬರುತ್ತದೆ. ಬರೆಸಿದವರು ಯಾರೆಂದು ಸಂಘಕ್ಕೆ ತಿಳಿಯುವುದಿಲ್ಲ. ಎಷ್ಟು ಜನ, ಎಷ್ಟು ಹಣ, ಅಷ್ಟೇ. ಆಡಿದವರು ಗೆಲ್ಲಲಿ, ಸೋಲಲಿ, ಸಂಘಕ್ಕೆ ಎರಡೂ ಒಂದೇ.

“ಯಾರೋ ಸತ್ತೋಗಿರ್ಬೇಕು, ಪಾಪ,” ಎಂದಳು ಖಜಾಂಚಿ ರೈದುನ್, ಕಾಫಿ ಬಗ್ಗಿಸುತ್ತ.

“ಈ ಚಳಿಗಾಲ ಊರಲ್ಲಿ ಒಬ್ರೂ ಸತ್ತಿಲ್ಲ. ಯಾರೋ ಮಹರಾಯ ನಮ್ಮನ್ನ ಬಿಟ್ಟು ಫುಟ್‌ಬಾಲಿನವರ ಹೆಸರು ಬರೆಸಿದಾನೆ, ನೋಡ್ತಿರಿ,” ಎಂದ ತೂರ್ಲೈಫ್.

ಗುನ್‌ವೋರ್ ಸಮಿತಿಯವರ ನಡುವೆ ಮೇಜು ನೋಡುತ್ತ ಕೂತಿದ್ದಳು. ಆ ಮಹರಾಯನ ಜೊತೆ ಹತ್ತೊಂಬತ್ತು ವರ್ಷದಿಂದ ಸಂಸಾರ ಮಾಡುತ್ತಿದ್ದವಳು ಅವಳೇ. ಅವಳ ಗಂಡ ಅಸ್ಗೈರ್ ಲಾಟರಿ ಆಟ ಬಿಟ್ಟು ಇಂದಿಗೆ ಆರು ವಾರ. ಅದಕ್ಕೆ ಮೊದಲು ಆಟದಲ್ಲಿ ಅವರ ದೋಣಿ ಹೋಗಿತ್ತು, ಅವಳ ಅಮ್ಮ ಬಿಟ್ಟುಹೋದ ಹಣವೂ ಹೋಗಿತ್ತು. ಕೇಳಿದಾಗಲೆಲ್ಲ ಅವನದು ಒಂದೇ ಮಾತು: “ಸುಮ್ನೆ ಹಾಳಾಗ್ತಿಲ್ಲ ಕಣೇ, ಬ್ಯಾಂಡಿಗೆ ಹೋಗತ್ತೆ. ಅಲ್ಲಿ ಕ್ಲಾರಿನೆಟ್ ಊದೋದು ನಮ್ಮ ಮಗಳೇ ತಾನೆ?” ಈ ಆರು ವಾರವನ್ನು ಇಬ್ಬರೂ ಹಲ್ಲು ಕಚ್ಚಿ ದಾಟಿದ್ದರು.

“ಒಂದು ಪ್ರಕಟಣೆ ಬರೆದಿದೀನಿ, ಕೇಳಿ,” ಎಂದ ತೂರ್ಲೈಫ್, ಗಂಟಲು ಸರಿಮಾಡಿಕೊಂಡು. “‘ಹೆಸರು ತಿಳಿಸದ ನಮ್ಮ ದಾನಿಗಳೇ, ನೀವಿಲ್ಲದೆ ಮಕ್ಕಳ ಬೇಸಿಗೆ ಪ್ರವಾಸ ನಿಂತುಹೋಗಲಿದೆ. ಅವರಿಗಾಗಿ ದಯವಿಟ್ಟು ಮರಳಿ ಬನ್ನಿ.’ ಗುರುವಾರದ ಪತ್ರಿಕೆಗೆ ಕೊಟ್ಟುಬಿಡೋಣ. ಓದಿದೋರಿಗೆ ಕರುಳು ಚುರುಕ್ ಅನ್ಬೇಕು!”

ಅನ್ನುತ್ತದೆ, ಗುನ್‌ವೋರ್‌ಗೆ ಅದೇ ಭಯ. ಅಸ್ಗೈರ್ ಆ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವನು. ಓದಿ, ಮಕ್ಕಳಿಗಾಗಿ ಎಂದುಕೊಂಡು, ನೆಮ್ಮದಿಯಿಂದಲೇ ಮತ್ತೆ ಆಟಕ್ಕೆ ಕೂರುತ್ತಾನೆ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಮನೆಯ ಮಾನ ಉಳಿಯುತ್ತದೆ. ಬಾಯಿ ಬಿಟ್ಟರೆ ನಾಳೆಯೊಳಗೆ ಮೀನಿನಂಗಡಿಯಿಂದ ಶಾಲೆಯ ಗೇಟಿನವರೆಗೂ ಅದೇ ಮಾತು. ಊರ ಬಾಯಿ ಮುಚ್ಚಿಸಿದವರು ಯಾರಿದ್ದಾರೆ?

“ಅದನ್ನ ಕೊಡಬೇಡಿ,” ಎಂದಳು.

“ಯಾಕೆ ಗುನ್‌ವೋರ್? ಚೆನ್ನಾಗಿ ಬಂದಿಲ್ವಾ?”

“ಚೆನ್ನಾಗಿ ಬಂದಿದೆ. ಅದಕ್ಕೇ ಬೇಡ. ಆ ದಾನಿ ನನ್ನ ಗಂಡ.” ಅವಳು ಮೇಜಿನಿಂದ ಕಣ್ಣೆತ್ತಿದಳು. “ದಾನ ಗೀನ ಏನಿಲ್ಲ ತೂರ್ಲೈಫ್, ಅವನು ಜೂಜಾಡ್ತಿದ್ದ. ನಿಮಗೆ ಏಳು ಬರ್ಬೇಕಾದ್ರೆ ನಮ್ಮನೆಯಿಂದ ನೂರು ಹೋಗ್ತಿತ್ತು. ಈಗ ಬಿಟ್ಟಿದಾನೆ. ಕರೀಬೇಡಿ ಅವನನ್ನ.”

ರೈದುನ್ ಕಾಫಿಯನ್ನು ತಂದು ಅವಳ ಮುಂದಿಟ್ಟು, ಪಕ್ಕದಲ್ಲೇ ಕೂತಳು. ತೂರ್ಲೈಫ್ ಕಿವಿಯವರೆಗೂ ಕೆಂಪಾಗಿದ್ದ. ಬರೆದದ್ದನ್ನೆಲ್ಲ ಅಳಿಸಿ, ತಲೆಯೆತ್ತದೆ ಕೇಳಿದ: “ಈ ವರ್ಷ ಪ್ರವಾಸ ಬೇಡ. ಯಾರದಾದ್ರೂ ಆಕ್ಷೇಪಣೆ ಇದೆಯಾ?” ಇರಲಿಲ್ಲ.

ಅವಳು ಮನೆಗೆ ಬಂದಾಗ ಅಸ್ಗೈರ್ ಆಲೂಗಡ್ಡೆ ಹೆರೆಯುತ್ತಿದ್ದ.

“ಮೀಟಿಂಗಲ್ಲಿ ಏನಾಯ್ತು?”

“ಎಲ್ಲರಿಗೂ ಹೇಳ್ಬಿಟ್ಟೆ, ನಿನ್ನ ವಿಷಯ. ಮಕ್ಕಳ ಪ್ರವಾಸ ರದ್ದಾಯ್ತು.”

ಅವನ ಕೈ ನಿಂತಿತು. ಅವಳ ಮುಖ ನೋಡದೆ ಸಣ್ಣ ದನಿಯಲ್ಲಿ ಕೇಳಿದ: “ನನ್ನಿಂದಾನಾ?”

“ಹೂಂ, ನಿನ್ನಿಂದಾನೇ.” ಗುನ್‌ವೋರ್ ಕೋಟೂ ಬಿಚ್ಚದೆ ಹೋಗಿ ಅವನನ್ನು ತಬ್ಬಿಕೊಂಡಳು. “ಮುಂದಿನ ವರ್ಷಾನೂ ರದ್ದಾಗ್ಲಿ.”