ಕಡೆಯ ಸೂಜಿ

ಸೂಜಿ ತೋಳಿಗಿಳಿದಾಗ ಹುಡುಗಿ ಕಿರುಚಿದಳು.

"ಮುಗೀತವ್ವಾ, ಇದ ಕಡೀದು," ಎಂದಳು ನರ್ಸ್ ಗಂಗೂಬಾಯಿ.

"ನೀರು ಕಂಡರ ಅಂಜೂ ಆ ರೋಗ ಇನ್ನ ಬರೂದಿಲ್ಲಲ್ರಿ?" ತಾಯಿ ಕೇಳಿದಳು.

"ಇಲ್ಲ. ಸತ್ತ ರೋಗಾಣು ತೋರಿಸಿ ಮೈಗೆ ವೈರಿ ಗುರುತು ಹಿಡಿಸೇವಿ. ನಾಯಿ ವಿಷ ಮಿದುಳು ಮುಟ್ಟೂದರಾಗ ಮೈ ಕಾದಾಕ ತಯಾರಾಗಿರತೈತಿ. ಮುಟ್ಟಿದ ಮ್ಯಾಲ ಯಾವ ಸೂಜೀನೂ ನಡೆಯೂದಿಲ್ಲ."

"ನಾಯಿ ಬಾಯಿಂದ ಇಕೀನ್ನ ಬಿಡಿಸಿದ್ದು ಇವರ ರೀ," ತಾಯಿ ಬಾಗಿಲ ಬಳಿ ಕೂತಿದ್ದ ಗಂಡನತ್ತ ಹೆಮ್ಮೆಯಿಂದ ನೋಡಿದಳು. "ಇವರಿಗೂ ಹಲ್ಲು ತಾಗಿತ್ತು. ಸುಣ್ಣ ಹಚ್ಚಿಕೊಂಡು, ಗಂಡಸಿಗ್ಯಾತರ ಸೂಜಿ ಅಂತ ನಕ್ಕಬಿಟ್ರು."

ಗಂಗೂಬಾಯಿ ಅವನನ್ನು ದಿಟ್ಟಿಸಿದಳು. ಅವನು ಬೆವರುತ್ತಿದ್ದ. ಮೆಲ್ಲಗೆ ಲೋಟಕ್ಕೆ ನೀರು ಬಗ್ಗಿಸಿ ಚಾಚಿದಳು. "ಒಂದು ಗುಟುಕು ಕುಡೀರಿ, ಅಣ್ಣಾ."

ಅವನು ಗಂಟಲು ಹಿಡಿದುಕೊಂಡು ಹಿಂದೆ ಸರಿದು ಗೋಡೆಗೊತ್ತಿಕೊಂಡ.

"ಬ್ಯಾಡ."