ಸೀಬೆಮರದ ಮಗ್ಗಿ

ಬುಟ್ಟಿಯಲ್ಲಿಟ್ಟ ಸೀಬೆಹಣ್ಣು ಮಾಗಿ ಅಡುಗೆಮನೆಯೆಲ್ಲ ಘಮಗುಟ್ಟಿದರೆ, ಈಗಲೂ ನನ್ನ ಅಂಗಾಲು ಆ ಮರದ ನುಣುಪು ತೊಗಟೆಯನ್ನು ಹುಡುಕುತ್ತದೆ.

ಯಲಹಂಕದ ನಮ್ಮ ಶಾಲೆಯಲ್ಲಿ ಬೆಂಚುಗಳಿರಲಿಲ್ಲ. ಒಂದು ಹೆಂಚಿನ ಮನೆ, ಅದರ ಹಿತ್ತಲು, ಪಾಠ ಹೇಳುವ ಅಕ್ಕ, ಅಷ್ಟೇ. ಕೂತಲ್ಲಿ ಕೂರಲಾರದ ಮಕ್ಕಳು ಸೀಬೆಮರ ಹತ್ತಬಹುದಿತ್ತು. ಆದರೆ ಹತ್ತಿದವರು ಒಂದು ಮಗ್ಗಿ ಪೂರ್ತಿ ಹೇಳಿಯೇ ಇಳಿಯಬೇಕಿತ್ತು. ಹಿಂದಿನ ಶಾಲೆಯಲ್ಲಿ ದಿನವೂ ಬೆಂಚಿನ ಮೇಲೆ ನಿಲ್ಲುತ್ತಿದ್ದ ನಾನು ಇಲ್ಲಿ ದಿನವೂ ಕೊಂಬೆಯ ಮೇಲಿರುತ್ತಿದ್ದೆ.

ಒಂದು ಮಧ್ಯಾಹ್ನ ಅಪ್ಪ ಬಂದರು. ಹುಬ್ಬಳ್ಳಿ ಕಡೆಯವರು, ಯಶವಂತಪುರದ ಕಾರ್ಖಾನೆಯಲ್ಲಿ ಕೆಲಸ. ನನ್ನನ್ನು ಇಲ್ಲಿಂದ ಬಿಡಿಸಿ ಕಾನ್ವೆಂಟಿಗೆ ಸೇರಿಸುತ್ತೇನೆಂದು ಬೆಳಿಗ್ಗೆಯೇ ಅಮ್ಮನಿಗೆ ಹೇಳಿದ್ದರು.

"ಇದು ಸಾಲಿನೋ, ಮಂಗ್ಯಾನ ತ್ವಾಟನೋ? ಇಳಿ ಕೆಳಗ, ಹೋಗೂಣು!"

"ಹದಿಮೂರರ ಮಗ್ಗಿ ನಡೀತಿದೆ ಕಣ್ರೀ. ಮುಗಿಸಿ ಇಳೀತಾಳೆ, ಕೂತ್ಕೊಳ್ಳಿ," ಎಂದು ಅಕ್ಕ ಚಾಪೆ ಸರಿಸಿದರು.

ಇಳಿದರೆ ಈ ಶಾಲೆಯ ಋಣ ಮುಗಿಯಿತು. ಕೊಂಬೆ ತಬ್ಬಿಕೊಂಡು ಒಂದೊಂದನ್ನೇ ಎಳೆದೆಳೆದು ಹೇಳಿದೆ. ಹದಿಮೂರು ಹತ್ಲಿ ನೂರ ಮೂವತ್ತು ಆದ ಮೇಲೂ ನಿಲ್ಲಿಸದೆ ಬೆರಳು ಮಡಚಿ ಎಣಿಸುತ್ತ ಹನ್ನೊಂದ್ಲಿ, ಹನ್ನೆರಡ್ಲಿ ಎಂದು ಮುಂದುವರಿದೆ. ಅಕ್ಕ ಕೆಳಗಿನಿಂದ ತಲೆದೂಗಿದರು. ಹದಿಮೂರು ಹದಿನೇಳ್ಲಿ ಅನ್ನುವಾಗ ಲೆಕ್ಕ ತಪ್ಪಿ ಅಳತೊಡಗಿದೆ.

"ಇನ್ನೂರಾ ಇಪ್ಪತ್ತೊಂದು," ಎಂದಿತು ಕೆಳಗಿನಿಂದ ಒಂದು ದನಿ.

ಬಗ್ಗಿ ನೋಡಿದರೆ, ಅಪ್ಪ ಬೂಟು ಬಿಚ್ಚಿಟ್ಟು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಮುಂದ ಹೇಳವಾ."

ಇಪ್ಪತ್ತರವರೆಗೂ ಹೇಳಿ, ಅಳುತ್ತಲೇ ಇಳಿದೆ. ಅಪ್ಪ ನನ್ನ ಲಂಗಕ್ಕೆ ಅಂಟಿದ್ದ ತೊಗಟೆಯ ಚೂರುಗಳನ್ನು ಕೊಡವಿ, ಅಕ್ಕನ ಕಡೆ ತಿರುಗಿ ಕೇಳಿದರು:

"ನಾಳೆ ಯಾವ ಮಗ್ಗಿರೀ?"